ಸೊಂಟದ ಸಿಂಗಾರ ಈ ಕಿರುಗತ್ತಿ

ಜಪಾನಿನ ಕತ್ತಿ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾಗಳ ಸಮುರಾಯ್, ಅವನ ಕೈಯಲ್ಲಿ ಮಿಂಚುವ ಉದ್ದನೆಯ ಕತಾನಾ. ಅದರ ಜೊತೆಗೇ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಗಿಡ್ಡ ಕತ್ತಿಯ ಕಡೆಗೆ ಕಣ್ಣು ಹೋಗುವುದು ಕಡಿಮೆ. ಅದರ ಹೆಸರು ವಾಕಿಝಾಶಿ. ಕುಸುರಿ ಕೆಲಸ ಮೆಚ್ಚುವವರು ಮೊದಲು ನೋಡಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಜಪಾನಿಗರ ಹಳೆಯ ಅಳತೆ ಶಾಕು. ಒಂದು ಶಾಕು ಎಂದರೆ 30.3 ಸೆಂಟಿಮೀಟರ್. ಅಲಗು ಅದಕ್ಕಿಂತ ಗಿಡ್ಡವಾಗಿದ್ದರೆ ತಾಂತೊ, ಒಂದರಿಂದ ಎರಡು ಶಾಕು ಇದ್ದರೆ ವಾಕಿಝಾಶಿ, ಅದಕ್ಕೂ ಉದ್ದವಾದರೆ ಕತಾನಾ. ಯಾರದಾದರೂ ಮನೆಗೆ ಹೋದ ಸಮುರಾಯ್ ಉದ್ದನೆಯ ಕತ್ತಿಯನ್ನು ಬಾಗಿಲಲ್ಲೇ ಒಪ್ಪಿಸಿ ಒಳಗೆ ಬರಬೇಕಿತ್ತು. ಗಿಡ್ಡದ್ದು ಮಾತ್ರ ಸೊಂಟದಲ್ಲೇ ಉಳಿಯುತ್ತಿತ್ತು. ಅಂದಮೇಲೆ ಕೂತು ಮಾತಾಡುವಾಗ ಎದುರಿಗಿದ್ದವರ ಕಣ್ಣಿಗೆ ಬೀಳುತ್ತಿದ್ದುದು ಅದೊಂದೇ.

1603ರಿಂದ 1868ರವರೆಗಿನ ಎದೊ ಕಾಲದಲ್ಲಿ ಜಪಾನ್ ಬಹುಮಟ್ಟಿಗೆ ಯುದ್ಧ ಕಾಣಲಿಲ್ಲ. ಕತ್ತಿ ಇತ್ತು, ಕಾಳಗ ಇರಲಿಲ್ಲ. ಜೋಡಿ ಕತ್ತಿ ಧರಿಸುವ ಹಕ್ಕು ಸಮುರಾಯ್‌ಗಳದ್ದು. ವ್ಯಾಪಾರಿಗಳಿಗೆ ಗಿಡ್ಡ ಕತ್ತಿಗಷ್ಟೇ ಅವಕಾಶ. ಆದರೆ ದುಡ್ಡು ಇದ್ದದ್ದು ವ್ಯಾಪಾರಿಗಳ ಹತ್ತಿರ! ಅಲಗು ಹೇಗೂ ಒರೆಯೊಳಗೆ ಅಡಗಿರುತ್ತದೆ, ಹೊರಗೆ ಕಾಣುವುದು ಹಿಡಿ, ಕೈತಡೆ, ಒರೆ. ಹಣವೆಲ್ಲ ಅಲ್ಲಿಗೆ ಹರಿಯಿತು. ಹೀಗಾಗಿ ಅಲಂಕಾರದ ಕಿರುಗತ್ತಿ ಪ್ರವಾಸಿಗರಿಗಾಗಿ ನಿನ್ನೆ ಮೊನ್ನೆ ಹುಟ್ಟಿದ ಸರಕೇನಲ್ಲ.

ಹಿಡಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಒಳಗೆ ಮರ. ಅದರ ಮೇಲೆ ತೊರಕೆ ಮೀನಿನ ಚರ್ಮ. ಬಿಳಿಯ ಗಟ್ಟಿ ಹರಳುಗಳಿರುವ ಆ ಚರ್ಮ ಕೈ ಜಾರದಂತೆ ಹಿಡಿದುಕೊಳ್ಳುತ್ತದೆ. ಅದಕ್ಕೆ ರೇಷ್ಮೆಯ ಪಟ್ಟಿಯನ್ನು ಎಡಬಲ ಹೆಣೆದು ಬಿಗಿಯುತ್ತಾರೆ, ನಡುನಡುವೆ ವಜ್ರಾಕಾರದ ಕಿಂಡಿಗಳಲ್ಲಿ ಚರ್ಮ ಇಣುಕುತ್ತದೆ. ಹೆಣಿಗೆಯ ಅಡಿಯಲ್ಲಿ ಎರಡೂ ಬದಿಗೆ ಬೆರಳಗಲದ ಲೋಹದ ಬೊಂಬೆ, ಮೆನುಕಿ: ಡ್ರ್ಯಾಗನ್ ಇರಬಹುದು, ಸಿಂಹವಿರಬಹುದು. ಅಲಗನ್ನೂ ಹಿಡಿಯನ್ನೂ ಸೇರಿಸಿ ನಿಲ್ಲಿಸುವುದು ಬಿದಿರಿನ ಒಂದು ಪುಟ್ಟ ಗೂಟ, ಅಷ್ಟೇ. ಅದನ್ನು ತಟ್ಟಿ ತೆಗೆದರೆ ಇಡೀ ಕತ್ತಿ ಬಿಡಿಬಿಡಿಯಾಗುತ್ತದೆ. ಒಂದೇ ಅಲಗಿಗೆ ಸಮಯಕ್ಕೆ ತಕ್ಕ ಹಾಗೆ ಬೇರೆ ಬೇರೆ ಹಿಡಿ, ಒರೆಗಳನ್ನು ಮಾಡಿಸಿಟ್ಟುಕೊಳ್ಳುತ್ತಿದ್ದುದು ಇದರಿಂದಲೇ.

ಲೋಹದ ಕೆಲಸದಲ್ಲಿ ಹೆಸರಾದ ಮನೆತನ ಗೊತೊ. ಹದಿನೈದನೇ ಶತಮಾನದ ಯೂಜೊನಿಂದ ಶುರುವಾಗಿ ಹದಿನೇಳು ತಲೆಮಾರು ಇದೇ ಕಸುಬು ನಡೆಸಿದವರು. ತಾಮ್ರಕ್ಕೆ ಚೂರು ಚಿನ್ನ ಬೆರೆಸಿ, ದ್ರಾವಣದಲ್ಲಿ ಕುದಿಸಿ, ನೇರಳೆ ಛಾಯೆಯ ಕಪ್ಪು ಬರಿಸುತ್ತಿದ್ದರು. ಶಾಕುದೊ ಎಂದರೆ ಅದೇ. ಆ ಕಪ್ಪಿನ ಮೇಲೆ ಮೀನಿನ ಮೊಟ್ಟೆಯಂಥ ಸಣ್ಣ ಸಣ್ಣ ಗುಂಡುಗಳ ಸಾಲು. ಒಂದೊಂದನ್ನೂ ಉಳಿಯ ಮೊನೆಯಿಂದ ಬಿಡಿಯಾಗಿ ಒತ್ತಿದ್ದು. ಭೂತಗನ್ನಡಿ ಹಿಡಿದರೂ ಸಾಲು ತಪ್ಪಿದ್ದು ಕಾಣುವುದಿಲ್ಲ.

1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕುಸುರಿಗಾರರ ಕೆಲಸವೇ ಹೋಯಿತು. ಕೆಲವರು ಹೂದಾನಿ, ಧೂಪದಾನಿ, ಒಡವೆ ಮಾಡಿ ಯುರೋಪಿಗೆ ಕಳಿಸಿದರು. ಈ ವಿದ್ಯೆಯ ಮೇರು ಎನಿಸಿದ ಕಾನೊ ನತ್ಸುಒ ಹೊಸ ನಾಣ್ಯಗಳ ಅಚ್ಚು ಕೆತ್ತಿದ, ಮುಂದೆ ಟೋಕಿಯೋ ಕಲಾಶಾಲೆಯಲ್ಲಿ ಪಾಠ ಹೇಳಿದ. ಎರಡನೇ ಮಹಾಯುದ್ಧ ಸೋತ ಮೇಲೆ ಇನ್ನೊಂದು ಪೆಟ್ಟು: ಅಮೆರಿಕದ ಸೇನೆ ಕತ್ತಿಗಳನ್ನೆಲ್ಲ ಜಪ್ತಿ ಮಾಡತೊಡಗಿತು. ಇವು ಕಲಾಕೃತಿಗಳು ಎಂದು ಅಧಿಕಾರಿಗಳಿಗೆ ಮನಗಾಣಿಸಿ ಉಳಿಸಿಕೊಂಡವರಲ್ಲಿ ವಿದ್ವಾಂಸ ಹೊಮ್ಮಾ ಜುಂಜಿ ಮುಖ್ಯರು. 1948ರಲ್ಲಿ ಕತ್ತಿ ಕಲೆಯ ರಕ್ಷಣೆಗೆಂದೇ ಒಂದು ಸಂಘ ಹುಟ್ಟಿತು. ಟೋಕಿಯೋದ ರ‍್ಯೋಗೊಕುವಿನಲ್ಲಿರುವ ಕತ್ತಿ ಮ್ಯೂಸಿಯಂ ಆ ಸಂಘದ್ದೇ.

ಇವತ್ತಿಗೂ ಜಪಾನಿನಲ್ಲಿ ಕಿರುಗತ್ತಿಗೆ ಮಂಗಳದ ಸ್ಥಾನವಿದೆ. ಸಾಂಪ್ರದಾಯಿಕ ಮದುವೆಯಲ್ಲಿ ಹೆಣ್ಣು ತನ್ನ ನಡುಪಟ್ಟಿಯಲ್ಲಿ ಪುಟ್ಟ ಕತ್ತಿ ಸಿಕ್ಕಿಸಿಕೊಳ್ಳುತ್ತಾಳೆ. ಕೊಡಗಿನ ಮದುಮಗನ ಪೀಚೆಕತ್ತಿ ಕಂಡವರಿಗೆ ಇದರ ಠೀವಿ ಬಿಡಿಸಿ ಹೇಳಬೇಕಿಲ್ಲ. ರಾಜಮನೆತನದಲ್ಲಿ ಮಗು ಹುಟ್ಟಿದರೆ ಚಕ್ರವರ್ತಿಯಿಂದ ರಕ್ಷೆಯಾಗಿ ಕಿರುಗತ್ತಿ ಬರುತ್ತದೆ.

ಹಾಗಾದರೆ ಒಂದನ್ನು ಕೊಳ್ಳಬಹುದೇ? ಎರಡು ದಾರಿಗಳಿವೆ. ಒಂದು, ನಿಜವಾದ ಕತ್ತಿ. ಐದು ವರ್ಷ ಗುರುವಿನ ಬಳಿ ಪಳಗಿ ಸರ್ಕಾರದ ಪರವಾನಗಿ ಪಡೆದ ಕಮ್ಮಾರರೇ ಅದನ್ನು ಮಾಡಬೇಕು. ತಿಂಗಳಿಗೆ ಎರಡು ಉದ್ದ ಕತ್ತಿ ಅಥವಾ ಮೂರು ಗಿಡ್ಡ ಕತ್ತಿ, ಅದಕ್ಕಿಂತ ಹೆಚ್ಚು ಮಾಡುವ ಹಾಗಿಲ್ಲ. ಉಕ್ಕು ಬರುವುದು ಶಿಮಾನೆ ಪ್ರಾಂತ್ಯದ ಕುಲುಮೆಯಿಂದ, ಕಬ್ಬಿಣದ ಮರಳನ್ನು ಇದ್ದಿಲಿನಲ್ಲಿ ಮೂರು ಹಗಲು ಮೂರು ರಾತ್ರಿ ಕಾಯಿಸಿ ತೆಗೆದದ್ದು. ಅಲಗಿಗೆ ಜೇಡಿಮಣ್ಣು ಬಳಿದು, ಬಾಯಿಯ ಕಡೆ ತೆಳ್ಳಗೆ, ಬೆನ್ನಿನ ಕಡೆ ದಪ್ಪಗೆ, ಕಾಸಿ ನೀರಿಗೆ ಇಳಿಸಿದಾಗ ಅಂಚಿನುದ್ದಕ್ಕೂ ಮಂಜಿನಂಥ ಗೆರೆ ಮೂಡುತ್ತದೆ. ಅದೇ ಹಮೊನ್. ಹದಿನೈದು ಸೆಂಟಿಮೀಟರ್ ದಾಟಿದ ಅಲಗಿಗೆ ಜಪಾನಿನಲ್ಲಿ ನೋಂದಣಿ ಪತ್ರ ಇರಲೇಬೇಕು, ದೇಶದ ಹೊರಗೆ ಒಯ್ಯಲು ಬೇರೆ ಅನುಮತಿ ಬೇಕು. ಬೆಲೆ ನಮ್ಮಂಥವರ ಮಾತಲ್ಲ.

ಇನ್ನೊಂದು, ಪ್ರದರ್ಶನದ ಕತ್ತಿ. ಗಿಫು ಪ್ರಾಂತ್ಯದ ಸೆಕಿ ಇದಕ್ಕೆ ಹೆಸರಾದ ಊರು. ನೂರಾರು ವರ್ಷ ಕತ್ತಿ ಬಡಿದ ಊರಿದು, ಈಗ ಅಡುಗೆಮನೆಯ ಚಾಕುಗಳಿಗೂ ಪ್ರಸಿದ್ಧ. ಇಲ್ಲಿ ಅಲಗು ಸತು ಮತ್ತು ಅಲ್ಯುಮಿನಿಯಂ ಬೆರೆತ ಲೋಹದ್ದು. ಬಾಯಿ ಇಲ್ಲ, ಸಾಣೆ ಹಿಡಿದರೂ ನಿಲ್ಲುವುದಿಲ್ಲ, ಅಯಸ್ಕಾಂತ ಅಂಟುವುದಿಲ್ಲ. ಹಮೊನ್ ಗೆರೆ ಮೇಲೆ ಮೂಡಿಸಿದ್ದು. ಇದನ್ನು ನಕಲಿ ಎಂದು ಜರೆಯುವವರ ಜೊತೆ ನಾನು ಸೇರುವುದಿಲ್ಲ. ಒಳ್ಳೆಯ ತಯಾರಿಯಲ್ಲಿ ಹೆಣಿಗೆ, ಒರೆಯ ಮೆರುಗು, ಕೈತಡೆಯ ಎರಕ ಎಲ್ಲವೂ ಹಳೆಯ ಮಾದರಿಯನ್ನು ನಿಷ್ಠೆಯಿಂದ ಅನುಸರಿಸುತ್ತವೆ. ಜರೆಯಬೇಕಾದದ್ದು ಹೊಳೆಯುವ ಸ್ಟೇನ್‌ಲೆಸ್ ಪಟ್ಟಿಗೆ ಪ್ಲಾಸ್ಟಿಕ್ ಚರ್ಮ ಸುತ್ತಿ ಅಸಲಿ ಸಮುರಾಯ್ ಕತ್ತಿ ಎಂದು ಮಾರುವವರನ್ನು.

ಆನ್‌ಲೈನಿನಲ್ಲಿ ತರಿಸುವ ಮುನ್ನ ನಮ್ಮ ಶಸ್ತ್ರಾಸ್ತ್ರ ನಿಯಮಗಳನ್ನು ಓದಿಕೊಳ್ಳಿ. ಕತ್ತಿ, ಬಾಕುಗಳ ಜೊತೆಗೆ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಚಾಕುಗಳೂ ಅವುಗಳ ಪಟ್ಟಿಯಲ್ಲಿವೆ. ಮನೆಗೆ ಬಂದ ಮೇಲೆ ಹಿಡಿ ಎಡಕ್ಕೆ, ಬಾಯಿ ಮೇಲಕ್ಕೆ ಬರುವಂತೆ ಸ್ಟ್ಯಾಂಡಿನಲ್ಲಿಡುವುದು ವಾಡಿಕೆ. ಅಲಗನ್ನು ಬೆರಳಿಂದ ಮುಟ್ಟಬೇಡಿ, ಬೆವರಿನ ಕಲೆ ಉಳಿಯುತ್ತದೆ. ಮಕ್ಕಳಿರುವ ಮನೆಯಾದರೆ ಕೈಗೆಟುಕದ ಎತ್ತರದಲ್ಲಿಡಿ: ಬಾಯಿ ಇಲ್ಲದ ಕತ್ತಿಗೂ ಮೊನೆ ಇರುತ್ತದೆ.