ಕಪ್ಪೆಚಿಪ್ಪಿನಲ್ಲಿ ಮುತ್ತಿನ ಬೆಳೆ

ಮುತ್ತು ಅಂದರೆ ನಮಗೆಲ್ಲ ಇಷ್ಟ. ಮುತ್ತಿನ ಓಲೆ, ಮುತ್ತಿನ ಸರ, ಮೂಗುತಿಗೆ ಒಂದು ಮುತ್ತು. ಮುತ್ತು ಸಿಗೋದು ಸಮುದ್ರದಲ್ಲಿ ಅಂತ ಕೇಳಿದ್ದೇವೆ. ಆದರೆ ಕೆರೆಯ ಸಿಹಿನೀರಿನಲ್ಲೂ ಮುತ್ತು ಬೆಳೆಯಬಹುದು.

ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ಕೇಳೋಕೆ ಚೆಂದ. ಆದರೆ ಮುತ್ತು ಆಗೋದು ಮಳೆ ಹನಿಯಿಂದ ಅಲ್ಲ.

ಮುತ್ತು ಹೇಗೆ ಆಗುತ್ತದೆ?

ಕಪ್ಪೆಚಿಪ್ಪನ್ನು ನಾವೆಲ್ಲ ನೋಡಿದ್ದೇವೆ. ಅದರೊಳಗೆ ಮೆತ್ತಗಿನ ಒಂದು ಜೀವಿ ಇರುತ್ತದೆ. ಅದು ನೀರು ಎಳೆದುಕೊಂಡು, ನೀರಲ್ಲಿರುವ ಸಣ್ಣ ಪಾಚಿಯನ್ನು ಸೋಸಿ ತಿನ್ನುತ್ತದೆ.

ನಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ಕೈಯಿಂದ ತೆಗೆಯುತ್ತೇವೆ. ಚಿಪ್ಪಿನ ಜೀವಿಗೆ ಕೈಯಿಲ್ಲ. ಒಳಗೆ ಏನಾದರೂ ಸೇರಿ ಹೊರಗೆ ಹೋಗದಿದ್ದರೆ, ಅದರ ಸುತ್ತ ಹೊಳೆಯುವ ರಸ ಸುರಿಸುತ್ತದೆ. ಪದರದ ಮೇಲೆ ಪದರ ಕೂರುತ್ತದೆ. ಅದೇ ಮುತ್ತು. ಚಿಪ್ಪಿನ ಒಳಗೋಡೆ ಹೊಳೆಯೋದೂ ಇದೇ ರಸದಿಂದ.

ಮನುಷ್ಯರು ಈ ಗುಟ್ಟು ಕಲಿತರು. ಜಪಾನಿನ ಕೊಕಿಚಿ ಮಿಕಿಮೊಟೊ ಎಂಬುವರು 1893ರಲ್ಲಿ ಸಮುದ್ರದ ಚಿಪ್ಪಿನಲ್ಲಿ ಮುತ್ತು ಬೆಳೆಸಿದರು. ನಮ್ಮ ದೇಶದಲ್ಲಿ ಸಿಹಿನೀರಿನ ಮುತ್ತಿನ ಕೃಷಿಯನ್ನು ರೂಪಿಸಿದ್ದು ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆ. ಇದು ಒಡಿಶಾದ ಭುವನೇಶ್ವರದ ಹತ್ತಿರ ಕೌಸಲ್ಯಾಗಂಗದಲ್ಲಿದೆ.

ಬೆಳೆಯುವುದು ಹೇಗೆ?

1. ಕೆರೆ, ಹೊಳೆಗಳಿಂದ ಬದುಕಿರುವ ಚಿಪ್ಪು ತರಬೇಕು. ಉದ್ದ 8ರಿಂದ 10 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಅಂಗೈಯಗಲ ಇರಬೇಕು.

2. ಅವನ್ನು 2-3 ದಿನ ತೊಟ್ಟಿಯ ನೀರಿನಲ್ಲಿ ಒತ್ತೊತ್ತಾಗಿ ಇಡಬೇಕು. ಆಗ ಬಿಗಿ ಸಡಿಲವಾಗುತ್ತದೆ. ಬಾಯಿ ತೆರೆಯೋದು ಸುಲಭ.

3. ಬಾಯಿ ಸ್ವಲ್ಪವೇ ತೆರೆದು, ಒಳಗೆ ಸಣ್ಣ ಮಣಿ ಇಡಬೇಕು. ಗಣೇಶನಂಥ ಅಚ್ಚುಗಳನ್ನೂ ಇಡುತ್ತಾರೆ. ಇದು ನಾಜೂಕಿನ ಆಪರೇಷನ್. ಕಲಿಯದೆ ಮಾಡಿದರೆ ಚಿಪ್ಪು ಸಾಯುತ್ತದೆ.

4. ಆಮೇಲೆ ಸುಮಾರು 10 ದಿನ ಬಾಣಂತಿ ಆರೈಕೆ ಇದ್ದ ಹಾಗೆ. ತೊಟ್ಟಿಯಲ್ಲಿ ಔಷಧಿ ಹಾಕಿದ ನೀರಿನಲ್ಲಿ ಇಡಬೇಕು. ದಿನಾ ನೋಡಬೇಕು. ಸತ್ತದ್ದನ್ನು ತಕ್ಷಣ ತೆಗೆಯಬೇಕು.

5. ಕೊನೆಗೆ ಒಂದೊಂದು ನೈಲಾನ್ ಬಲೆ ಚೀಲಕ್ಕೆ ಎರಡೆರಡು ಚಿಪ್ಪು ಹಾಕಿ, ಬಿದಿರಿಗೆ ಕಟ್ಟಿ, ಸುಮಾರು ಒಂದು ಮೀಟರ್ ಆಳಕ್ಕೆ ಕೆರೆಯಲ್ಲಿ ಇಳಿಬಿಡಬೇಕು.

ಮುತ್ತು ಆಗೋಕೆ 12ರಿಂದ 18 ತಿಂಗಳು ಬೇಕು. ಅಷ್ಟು ದಿನ ಸುಮ್ಮನೆ ಕೂರುವಂತಿಲ್ಲ. ಚೀಲ ತೊಳೆಯಬೇಕು. ನೀರಲ್ಲಿ ಪಾಚಿ ಬೆಳೆಯಲು ಸಗಣಿ ಗೊಬ್ಬರ ಹಾಕಬೇಕು. ಹೊಲದ ಕೀಟನಾಶಕ ಕೆರೆಗೆ ಹರಿಯಬಾರದು.

ಹಣ ಹಾಕುವ ಮುನ್ನ

ಮೊದಲು ನೀರು ನೋಡಿ. ನಮ್ಮ ಎಷ್ಟೋ ಕೃಷಿ ಹೊಂಡಗಳು ಬೇಸಿಗೆಗೆ ಬತ್ತುತ್ತವೆ. ನೀರು ಬತ್ತಿದರೆ ಮುತ್ತೂ ಇಲ್ಲ, ಹಾಕಿದ ದುಡ್ಡೂ ಇಲ್ಲ. ಊರ ಕೆರೆಯಾದರೆ ಗ್ರಾಮ ಪಂಚಾಯಿತಿಯಲ್ಲಿ ಇಲ್ಲವೇ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ ಅನುಮತಿ ಪಡೆಯಬೇಕು.

ಎಲ್ಲ ಚಿಪ್ಪೂ ಬದುಕುವುದಿಲ್ಲ. ಬದುಕಿದ್ದೆಲ್ಲ ಒಳ್ಳೆಯ ಮುತ್ತು ಕೊಡುವುದಿಲ್ಲ. ಕೆಲವು ಮಣಿಯನ್ನು ಹೊರಗೆ ಹಾಕಿಬಿಡುತ್ತವೆ. ಗುಂಡಗೆ, ನುಣ್ಣಗೆ, ಹೊಳೆಯುವ ಮುತ್ತಿಗೇ ಬೆಲೆ. ಅದಕ್ಕೇ ಸಾಲ ಮಾಡಿ ಒಮ್ಮೆಗೇ ಸಾವಿರಾರು ಚಿಪ್ಪು ಬಿಡಬೇಡಿ. ತರಬೇತಿ ಪಡೆಯಿರಿ. ಸಂಘದವರು ಸೇರಿ ಸ್ವಲ್ಪದರಲ್ಲಿ ಶುರು ಮಾಡಿ.

“ಹಣ ಕಟ್ಟಿ, ಚಿಪ್ಪು ನಾವೇ ಕೊಡ್ತೀವಿ, ಮುತ್ತು ನಾವೇ ಕೊಳ್ತೀವಿ” ಅಂತ ಬರುವವರಿದ್ದಾರೆ. ಹೀಗೆ ಹೇಳಿ ಹಣ ತಗೊಂಡು ಮಾಯವಾದವರೂ ಇದ್ದಾರೆ. ಅವರ ಕಾಗದ ಕೇಳಿ ಇಸ್ಕೊಳ್ಳಿ. ಹೊತ್ತಾದರೂ ಸರಿ, ಒಂದೊಂದೇ ಸಾಲು ಓದಿ. ಮುತ್ತು ಬಾರದಿದ್ದರೆ ನಷ್ಟ ಯಾರದ್ದು? ಬೆಲೆ ಎಷ್ಟು ಅಂತ ಬರೆದಿದೆಯೇ? ತಿಳಿಯದಿದ್ದರೆ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಆಮೇಲೆ ಸಹಿ.

ನಾವೀಗ ಹೆಬ್ಬೆಟ್ಟು ಒತ್ತುವವರಲ್ಲ. ಓದಿ ಸಹಿ ಹಾಕುವವರು.

ಮಾತಾಡೋಣ

ನಮ್ಮೂರ ಕೆರೆಯಲ್ಲಿ ಒಂದೂವರೆ ವರ್ಷ ನೀರು ನಿಲ್ಲುತ್ತದೆಯೇ?
ಸಂಘದಲ್ಲಿ ಯಾರು ತರಬೇತಿಗೆ ಹೋಗಬಹುದು?