ಆಸ್ಪತ್ರೆಯ ಫೈಲ್ ಯಾರಿಗೆ ಕೊಡಬಹುದು? ಯಾರ ಒಪ್ಪಿಗೆ ಬೇಕು?

‘ಫೈಲ್ ಆಸ್ಪತ್ರೆಯದ್ದು, ರೋಗಿಗೆ ಕೊಡಬೇಕಾಗಿಲ್ಲ.’ ‘ಮನೆಯವರು ಕೇಳಿದರೆ ಯಾರ ರಿಪೋರ್ಟನ್ನಾದರೂ ಕೊಡಲೇಬೇಕು.’ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಈ ಎರಡು ಮಾತೂ ತಪ್ಪು.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿ ಬರಹದಲ್ಲಿರಲಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಆ 3 ವರ್ಷವನ್ನು ಹಗುರವಾಗಿ ನೋಡಬೇಡಿ. ರಾಣೆಬೆನ್ನೂರಿನಲ್ಲಿ ನೂರಾರು ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ಆರೋಪ ಬಂದು, ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಿದ್ದು ನೆನಪಿರಬಹುದು. ಆಪರೇಷನ್ ಬೇಕಿತ್ತೇ ಎಂದು ಮುಂದೆ ಯಾರಾದರೂ ಪರಿಶೀಲಿಸಬೇಕಾದರೆ ನೋಡುವುದು ಕೇಸ್ ಶೀಟ್, ಸ್ಕ್ಯಾನಿಂಗ್ ವರದಿ ಮತ್ತು ಸಹಿಯೋ ಹೆಬ್ಬೆಟ್ಟೋ ಇರುವ ಒಪ್ಪಿಗೆ ಪತ್ರವನ್ನು. ಡಿಸ್ಚಾರ್ಜ್ ಚೀಟಿಯಲ್ಲಿ ಇವೆಲ್ಲ ಇರುವುದಿಲ್ಲ. ಹಾಗಾಗಿ ಮನೆಗೆ ಹೊರಡುವ ದಿನವೇ ಪೂರ್ತಿ ಫೈಲಿನ ಜೆರಾಕ್ಸ್ ಕೇಳುವುದು ಒಳ್ಳೆಯದು ಎಂಬುದು ನಮ್ಮ ಸಲಹೆ. ಬ್ಯಾಡಗಿಯಿಂದ ಹಾವೇರಿಗೆ, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದಾಗಲೂ ಅದೇ ಕೆಲಸಕ್ಕೆ ಬರುತ್ತದೆ.

ಇನ್ನು ಮನೆಯವರ ವಿಷಯ. ಗಂಡ, ಅತ್ತೆ, ಮಗ ಯಾರೇ ಆಗಲಿ, ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆ ಬೇಕು. ಓಡಾಡಲಾಗದ ಅವ್ವನ ಪರವಾಗಿ ಮಗ ಹೋಗುವುದಾದರೆ ಅವ್ವನ ಸಹಿಯಿರುವ ಪತ್ರ ಒಯ್ದರೆ ಸುಲಭ. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆ ಇನ್ನೂ ಬಿಗಿ: ಒಪ್ಪಿಗೆ ಬರಹದಲ್ಲೇ ಇರಬೇಕು, ಕಾನೂನು ಹೇಳಿದ ಕೆಲವೇ ವಿನಾಯಿತಿಗಳಿವೆ. ಒಪ್ಪಿಗೆ ಇಲ್ಲದೆಯೂ ಮಾಹಿತಿ ಹೋಗುವ ಸಂದರ್ಭಗಳುಂಟು. ನ್ಯಾಯಾಲಯದ ಆದೇಶ ಒಂದು. ಕ್ಷಯದಂಥ ರೋಗವನ್ನು ಸರ್ಕಾರಕ್ಕೆ ತಿಳಿಸುವುದು ಇನ್ನೊಂದು. ವಿಮೆ ಕ್ಲೇಮ್ ಅರ್ಜಿಯಲ್ಲಿ ಸಾಮಾನ್ಯವಾಗಿ ನಿಮ್ಮ ಸಹಿಯೇ ಅನುಮತಿ, ಓದಿ ಹಾಕಿ.

‘ಆಭಾ ಕಾರ್ಡ್ ಮಾಡಿಸಿದರೆ ನಿಮ್ಮ ಕಾಯಿಲೆ ಎಲ್ಲರಿಗೂ ಗೊತ್ತಾಗುತ್ತದೆ’ ಎಂಬ ಭಯವೂ ಇದೆ. ಅದು 14 ಅಂಕಿಯ ಗುರುತಿನ ಸಂಖ್ಯೆ. ಯಾವ ದಾಖಲೆ, ಎಷ್ಟು ದಿನ ಎಂದು ನೀವು ಒಪ್ಪಿದ ಮೇಲಷ್ಟೇ ಬೇರೆ ಆಸ್ಪತ್ರೆಗೆ ಕಾಣಬೇಕು. ಕೊಟ್ಟ ಒಪ್ಪಿಗೆ ಹಿಂಪಡೆಯಲೂಬಹುದು. ಆದರೆ ಕೌಂಟರಿನಲ್ಲಿ ಓಟಿಪಿ ಕೇಳಿದರೆ, ಅದು ನೋಂದಣಿಗೋ ದಾಖಲೆ ನೋಡುವುದಕ್ಕೋ ಕೇಳಿಕೊಂಡೇ ಹೇಳಿ.

ಚಿಕಿತ್ಸೆಗೆ ಸಹಾಯ ಕೋರಿ ಬರುವ ರಿಪೋರ್ಟಿನ ಫೋಟೊಗಳ ಮಾತೂ ಇದೇ. ರೋಗಿ ಒಪ್ಪಿದ್ದಾರೆಂದು ಗೊತ್ತಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.