ನೆಟ್ ಪರದೆಗೆ ಎಷ್ಟು ಬಟ್ಟೆ ಬೇಕು?

ಹೊಸ ಮನೆಗೆ ಬಂದಿದ್ದೀರಿ. ರೂಮಿನ ಕಿಟಕಿ ರಸ್ತೆಗೇ ತೆರೆದುಕೊಂಡಿದೆ. ಬಾಗಿಲು ಮುಚ್ಚಿದರೆ ಸೆಖೆ, ತೆರೆದರೆ ಹೋಗಿಬರುವವರ ಕಣ್ಣೆಲ್ಲ ಒಳಗೇ. ಮಗುವಿಗೆ ಹಾಲು ಕುಡಿಸಬೇಕೆಂದರೂ ಗೋಡೆಗೆ ಮುಖ ಮಾಡಿ ಕೂರಬೇಕು. ದಪ್ಪ ಪರದೆ ಎಳೆದರೆ ಹಗಲಲ್ಲೇ ಲೈಟ್ ಹಾಕಬೇಕು. ಬೆಳಕೂ ಬರಬೇಕು, ಮರೆಯೂ ಇರಬೇಕು ಎನ್ನುವವರಿಗೆ ಇರುವ ಸುಲಭ ಉಪಾಯವೇ ನೆಟ್ ಪರದೆ.

ಸರಿ, ಅಂಗಡಿಗೆ ಹೋಗುತ್ತೀರಿ. ‘ಕಿಟಕಿ ನಾಲ್ಕು ಅಡಿ ಅಗಲ. ಬಟ್ಟೆಯ ಪನ್ನವೂ 48 ಇಂಚು, ಅಂದರೆ ನಾಲ್ಕು ಅಡಿ. ಒಂದು ಪನ್ನ ಸಾಕು ಬಿಡಿ’ ಎಂದು ಲೆಕ್ಕ ಹಾಕಿ ಕತ್ತರಿಸಿಕೊಂಡು ಬರುತ್ತೀರಿ. ಹೊಲಿಸಿ ತೂಗುಹಾಕಿ ನೋಡಿದರೆ, ಅಯ್ಯೋ! ಒಣಹಾಕಿದ ಪಂಚೆಯ ಹಾಗೆ ಚಪ್ಪಟೆಯಾಗಿ ನಿಂತಿದೆ. ಎರಡೂ ಬದಿಯಲ್ಲಿ ಸಂದು. ಒಳಗಿರುವವರು ಸಲೀಸಾಗಿ ಕಾಣುತ್ತಾರೆ. ಕತ್ತರಿಸಿದ ಬಟ್ಟೆಯನ್ನು ವಾಪಸ್ ಕೊಡುವ ಹಾಗೂ ಇಲ್ಲ. ನಾನೂ ಮೊದಲ ಸಲ ಹೀಗೇ ಮಾಡಿ ಕೈ ಸುಟ್ಟುಕೊಂಡವಳೇ. ನಿಮಗೆ ಹಾಗಾಗುವುದು ಬೇಡ.

ಮರೆ ಮಾಡುವುದು ನೆರಿಗೆ

ಸೀರೆಗೆ ನೆರಿಗೆ ಎಷ್ಟು ಮುಖ್ಯವೋ ನೆಟ್ ಪರದೆಗೂ ಅಷ್ಟೇ ಮುಖ್ಯ. ನೆಟ್ ಅಂದರೇ ಸಣ್ಣ ಸಣ್ಣ ಕಿಂಡಿಗಳಿರುವ ಬಟ್ಟೆ. ಒಂದೇ ಪದರವಿದ್ದರೆ ಆಚೆಯದೆಲ್ಲ ಕಾಣುತ್ತದೆ. ನೆರಿಗೆ ಬಿದ್ದಾಗ ಒಂದು ಪದರದ ಕಿಂಡಿಗೆ ಇನ್ನೊಂದು ಪದರ ಅಡ್ಡ ಬರುತ್ತದೆ. ಆಗಲೇ ಮರೆ.

ಆದ್ದರಿಂದ ಸಾಮಾನ್ಯ ನೆಟ್‌ಗೆ ರಾಡಿನ ಅಗಲದ ಎರಡರಷ್ಟು ಬಟ್ಟೆ ಬೇಕು. ತೀರಾ ತೆಳುವಾಗಿದ್ದರೆ ಎರಡೂವರೆಯಷ್ಟಾದರೂ ಇರಲಿ. ಒತ್ತಾಗಿ ಹೂ ತುಂಬಿದ ಲೇಸ್ ಬಟ್ಟೆಯಾದರೆ ಒಂದೂವರೆಯಷ್ಟು ನಡೆಯುತ್ತದೆ; ಹೆಚ್ಚು ನೆರಿಗೆಯಲ್ಲಿ ಹೂವಿನ ಚಿತ್ರವೇ ಮುಚ್ಚಿಹೋಗುತ್ತದೆ.

ಅಳೆಯುವುದು ರಾಡನ್ನು

ಗಮನಿಸಿ, ‘ರಾಡಿನ ಅಗಲ’ ಎಂದೆ, ಕಿಟಕಿಯದಲ್ಲ. ಮೊದಲು ರಾಡ್ ಹಾಕಿಸಿ, ಆಮೇಲೆ ಬಟ್ಟೆ ತನ್ನಿ. ರಾಡ್ ಕಿಟಕಿಯ ಚೌಕಟ್ಟಿನಿಂದ ಎರಡೂ ಬದಿಗೆ ಆರಾರು ಇಂಚು ಹೊರಗೆ ಚಾಚಿರಲಿ. ಬದಿಯಿಂದ ಇಣುಕುವ ಸಂದು ಮುಚ್ಚುತ್ತದೆ, ಪರದೆ ಸರಿಸಿದಾಗ ಗಾಳಿಗೂ ಅಡ್ಡಿಯಾಗದು. ಒಂದು ಬದಿಯಲ್ಲಿ ಗೋಡೆಯ ಮೂಲೆಯೋ ಬೀರುವೋ ಇದ್ದರೆ ಆ ಕಡೆ ಎಷ್ಟು ಜಾಗವಿದೆಯೋ ಅಷ್ಟಕ್ಕೇ ಬಿಡಿ. ರಾಡಿನ ತುದಿಯಲ್ಲಿರುವ ಅಲಂಕಾರದ ಗುಂಡನ್ನು ಅಳತೆಗೆ ಸೇರಿಸಬೇಡಿ.

ಅಳೆಯಲು ಬಡಗಿಗಳು ಬಳಸುವ ಸ್ಟೀಲ್ ಟೇಪ್ ಒಳ್ಳೆಯದು. ಹೊಲಿಗೆಯ ಟೇಪ್ ಹಳೆಯದಾದಂತೆ ಹಿಗ್ಗಿರುತ್ತದೆ. ಎತ್ತರವನ್ನು ಎಡ, ನಡು, ಬಲ ಹೀಗೆ ಮೂರು ಕಡೆ ಅಳೆಯಿರಿ. ಹಳೆಯ ಮನೆಗಳಲ್ಲಿ ಅರ್ಧ ಮುಕ್ಕಾಲು ಇಂಚು ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಪರದೆ ನೆಲದವರೆಗೆ ಇಳಿಯುವುದಾದರೆ ಮೂರರಲ್ಲಿ ಚಿಕ್ಕ ಅಳತೆಯನ್ನು ಹಿಡಿದು ಅರ್ಧ ಇಂಚು ಕಳೆಯಿರಿ. ಇಲ್ಲವಾದರೆ ನೆಲ ಒರೆಸಿದಾಗಲೆಲ್ಲ ಅಂಚು ಒದ್ದೆ! ಕಿಟಕಿಯಷ್ಟೇ ಸಾಕೆನ್ನುವವರು ಚೌಕಟ್ಟಿನಿಂದ ಆರು ಇಂಚು ಕೆಳಗಿಳಿಸಿ.

ಲೆಕ್ಕ ಹೀಗೆ

ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಕಿಟಕಿಯನ್ನೇ ತೆಗೆದುಕೊಳ್ಳೋಣ.

* ಅಗಲ: ಕಿಟಕಿ 48 ಇಂಚು, ಬದಿಗಳಿಗೆ 12 ಇಂಚು. ಒಟ್ಟು ರಾಡ್ 60 ಇಂಚು. ಅದರ ಎರಡರಷ್ಟು 120 ಇಂಚು.
* ಪನ್ನ: 120ನ್ನು 48ರಿಂದ ಭಾಗಿಸಿದರೆ ಎರಡೂವರೆ. ಬದಿ ಮಡಿಕೆಗೂ ಜೋಡಣೆಗೂ ಬಟ್ಟೆ ಬೇಕಲ್ಲ, ಮೂರು ಪನ್ನ ಎಂದಿಟ್ಟುಕೊಳ್ಳಿ. ಒಂದೊಂದು ಬದಿಗೆ ಒಂದೂವರೆ ಪನ್ನ.
* ಎತ್ತರ: ಕಿಟಕಿ 48, ಮೇಲೆ ರಾಡಿನವರೆಗೆ 4, ಕೆಳಗೆ 6. ಒಟ್ಟು 58 ಇಂಚು. ಮೇಲಿನ ಮಡಿಕೆಗೆ 4, ಕೆಳಗಿನ ಮಡಿಕೆಗೆ 4 ಸೇರಿಸಿ 66 ಇಂಚು.
* ಒಟ್ಟು: 66 ಇಂಚಿನ ಮೂರು ತುಂಡು, ಅಂದರೆ 198 ಇಂಚು. ಒಂದು ಮೀಟರ್ ಅಂದರೆ 39 ಇಂಚಿಗಿಂತ ಸ್ವಲ್ಪ ಹೆಚ್ಚು. ಐದು ಮೀಟರ್ ತಂದರೆ ಒಂದು ಇಂಚಿನಷ್ಟು ಕಮ್ಮಿಯಾಗುತ್ತದೆ. ಐದೂಕಾಲು ಮೀಟರ್ ಕೇಳಿ.

ಸುಮಾರು 110 ಇಂಚು ಪನ್ನದ ನೆಟ್ ಸಿಕ್ಕರೆ ಇನ್ನೂ ಸುಲಭ. ಬಟ್ಟೆಯನ್ನು ಅಡ್ಡಲಾಗಿ ತಿರುಗಿಸಿದರೆ ಪನ್ನವೇ ಪರದೆಯ ಎತ್ತರವಾಗುತ್ತದೆ. ಆಗ ಬೇಕಾದ ಅಗಲವನ್ನಷ್ಟೇ ಕೊಂಡರಾಯಿತು: 120 ಇಂಚು, ಬದಿ ಮಡಿಕೆಗೆ 6 ಇಂಚು, ಅಂದರೆ ಮೂರೂಕಾಲು ಮೀಟರ್. ನಡುವೆ ಜೋಡಣೆಯ ಗೆರೆಯೂ ಇಲ್ಲ. ಆದರೆ ಬಳ್ಳಿ, ಹೂಗಳ ಚಿತ್ರವಿದ್ದರೆ ಅಡ್ಡ ಮಲಗಿಬಿಡುತ್ತವೆ, ನೋಡಿಕೊಳ್ಳಿ. ಮೀಟರಿನ ದರವೂ ಬೇರೆ ಇರುತ್ತದೆ. ಒಟ್ಟು ಖರ್ಚನ್ನು ಹೋಲಿಸಿ ನಿರ್ಧರಿಸಿ.

ರಾತ್ರಿ ನೆಟ್ ನಂಬಬೇಡಿ

ಇದೊಂದು ಮಾತು ಮರೆಯಲೇಬೇಡಿ. ಹಗಲಲ್ಲಿ ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಅದಕ್ಕೇ ಹೊರಗಿನವರಿಗೆ ನೆಟ್ ಬಟ್ಟೆಯಷ್ಟೇ ಕಾಣುತ್ತದೆ. ಸಂಜೆಯಾಗಿ ನೀವು ಲೈಟ್ ಹಾಕಿದ ಕೂಡಲೇ ಎಲ್ಲ ತಿರುಗುಮುರುಗು. ನಿಮಗೆ ಹೊರಗೆ ಏನೂ ಕಾಣುವುದಿಲ್ಲ, ಹೊರಗಿನವರಿಗೆ ಒಳಗಿನದೆಲ್ಲ ಕಾಣುತ್ತದೆ. ‘ಪರದೆ ಇದೆಯಲ್ಲ’ ಎಂಬ ಧೈರ್ಯದಲ್ಲಿ ಬಟ್ಟೆ ಬದಲಿಸುವುದು ಖಂಡಿತ ಬೇಡ. ಮಲಗುವ ಕೋಣೆಗೆ ಮೊದಲೇ ಜೋಡಿ ರಾಡ್ ಹಾಕಿಸಿ. ಕಿಟಕಿಯ ಕಡೆಗೆ ನೆಟ್, ಕೋಣೆಯ ಕಡೆಗೆ ದಪ್ಪ ಪರದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ದಪ್ಪದ್ದನ್ನು ಎಳೆದುಬಿಡಿ.

ಇವೂ ನೆನಪಿರಲಿ

* ಹತ್ತಿ ಬೆರೆತ ಬಟ್ಟೆಯಾದರೆ ನೀರಿಗೆ ಹಾಕಿ ಒಣಗಿಸಿದ ಮೇಲೆ ಹೊಲಿಸಿ. ಹೊಲಿಸಿದ ಮೇಲೆ ಕುಗ್ಗಿದರೆ ಮಾಡುವುದೇನು?
* ಜೋಡಣೆಯ ಅರ್ಧ ಪನ್ನ ಗೋಡೆಯ ಬದಿಗೆ ಬರುವಂತೆ ಟೈಲರ್‌ಗೆ ಹೇಳಿ. ಗೆರೆ ಎದ್ದು ಕಾಣದು.
* ರಿಂಗ್ ಹಾಕಿಸುವುದಾದರೆ ಒಂದೊಂದು ಪರದೆಗೂ ಸಮಸಂಖ್ಯೆಯಲ್ಲಿರಲಿ. ಆಗ ಎರಡೂ ಅಂಚು ಗೋಡೆಯತ್ತಲೇ ತಿರುಗಿ ನಿಲ್ಲುತ್ತವೆ.
* ಒಲೆಯ ಪಕ್ಕದ ಕಿಟಕಿಗೆ ನೆಟ್ ಬೇಡವೇ ಬೇಡ. ಗಾಳಿಗೆ ಹಾರಿ ಬೆಂಕಿ ತಾಗಿದರೆ ಅನಾಹುತ.
* ಪ್ರತಿ ಕಿಟಕಿಯ ಅಳತೆಯನ್ನೂ ‘ಅಗಲ ಮೊದಲು, ಎತ್ತರ ಆಮೇಲೆ’ ಎಂಬ ಕ್ರಮದಲ್ಲಿ ಬರೆದು, ಚೀಟಿಯನ್ನು ಪರ್ಸಿನಲ್ಲಿಟ್ಟುಕೊಳ್ಳಿ. ಟೈಲರ್ ಇಂಚಿನಲ್ಲಿ ಕೇಳುತ್ತಾರೆ, ಅಂಗಡಿಯವರು ಮೀಟರಿನಲ್ಲಿ. ಎರಡನ್ನೂ ಬರೆದಿಡಿ.

ಹತ್ತು ನಿಮಿಷದ ಕೆಲಸವಷ್ಟೇ. ಟೇಪು, ಪೆನ್ನು ಹಿಡಿದು ಇವತ್ತೇ ಅಳೆದುಬಿಡಿ. ನಾಳೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಬೆನ್ನು ಹಾಕಿ, ಕಿಟಕಿಯ ಬೆಳಕಿಗೆ ಮುಖ ಮಾಡಿಯೇ ಕೂರಬಹುದು.